ಯಂತ್ರದ ಕಿವಿಗೆ ಮೋಹನವೇ ಸುಲಭ

"ಆಪರೇಷನ್ ಆಯ್ತಲ್ಲ, ಈಗ ಎಲ್ಲಾ ಕೇಳುತ್ತೆ ಅಲ್ವಾ?" ಮದುವೆಮನೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ತರಕಾರಿ ಅಂಗಡಿಯಲ್ಲಿ ಸಿಕ್ಕವರೆಲ್ಲ ಕೇಳುವುದು ಇದನ್ನೇ. ಹೌದು ಅಂದುಬಿಡುತ್ತೇನೆ. ನಿಂತ ಕಾಲಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ ಅದು. ಕಾಕ್ಲಿಯರ್ ಇಂಪ್ಲಾಂಟ್, ಅಂದರೆ ಒಳಕಿವಿಗೆ ತಂತಿ ಇಳಿಸಿ ಸದ್ದನ್ನು ಕರೆಂಟಾಗಿ ನರಕ್ಕೆ ಮುಟ್ಟಿಸುವ ಯಂತ್ರ, ಹಾಕಿಸಿಕೊಂಡ ಮೇಲೆ ಮಾತು ಹೇಗೆ ಸುಧಾರಿಸುತ್ತದೆ ಅಂತ ಹೇಳುವವರು ಬೇಕಾದಷ್ಟು ಜನ ಸಿಕ್ಕರು. ಸಂಗೀತದ ಬಗ್ಗೆ ಹೇಳುವವರು ಮಾತ್ರ ಸಿಗಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಶಿವಮೊಗ್ಗದವಳು. ಹೈಸ್ಕೂಲಿನಲ್ಲಿದ್ದಾಗ ಅಕ್ಕನ ಜೊತೆ ವೀಣೆ ಕಲಿತೆ. ನಲವತ್ತು ದಾಟಿದ ಮೇಲೆ ಕಿವಿ ಮಂದವಾಗುತ್ತಾ ಬಂತು. ಮೊದಲು ಹಿಯರಿಂಗ್ ಏಡ್ ಬಂತು, ಆಮೇಲೆ ಅದೂ ಸಾಲದಾಯಿತು. ಈಗ ಬಲಗಿವಿಯಲ್ಲಿ ಇಂಪ್ಲಾಂಟ್ ಇದೆ. ಎಡಗಿವಿಯಲ್ಲಿ ಹಳೇ ಹಿಯರಿಂಗ್ ಏಡೇ ಇದೆ. ಆ ಕಿವಿಗೆ ತಗ್ಗಿನ ಸದ್ದು ಮಾತ್ರ ಒಂಚೂರು ಕೇಳಿಸುತ್ತದೆ. ಅದನ್ನು ತೆಗೆದುಬಿಡಿ ಅಂತ ತುಂಬಾ ಜನ ಹೇಳಿದರು. ನಾನು ತೆಗೆಯಲಿಲ್ಲ. ಕಾರಣ ಮುಂದೆ ಹೇಳುತ್ತೇನೆ.

ಸಹಜ ಕಿವಿಯ ಒಳಗೆ ಸದ್ದನ್ನು ಹಿಡಿದು ನರಕ್ಕೆ ಮುಟ್ಟಿಸುವ ಕೂದಲು ಕೋಶಗಳು ಸುಮಾರು 3,500 ಇರುತ್ತವೆ. ಅವುಗಳ ಬದಲಿಗೆ ನನಗಿರುವುದು 22 ಎಲೆಕ್ಟ್ರೋಡುಗಳು. ಬೇರೆ ಕಂಪನಿಗಳಲ್ಲಿ 12 ಅಥವಾ 16. ಅವೂ ಒಂದಕ್ಕೊಂದು ಸೋಂಕದೆ ಕೆಲಸ ಮಾಡುವುದಿಲ್ಲ. ಒಳಕಿವಿ ತುಂಬಾ ದ್ರವ ಇರುವುದರಿಂದ ಒಂದರ ಕರೆಂಟು ಪಕ್ಕದ್ದಕ್ಕೂ ಹರಡುತ್ತದೆ. ಹಾಗಾಗಿ ಬೇರೆಬೇರೆಯಾಗಿ ಉಪಯೋಗಕ್ಕೆ ಬರುವುದು ಎಂಟರ ಆಸುಪಾಸು ಅಂತ ಲೆಕ್ಕ. ಕಿವಿಯ ಹಿಂದಿನ ಪ್ರೊಸೆಸರ್ ಸದ್ದನ್ನು ತಗ್ಗಿನದು, ಎತ್ತರದ್ದು ಅಂತ ಪಟ್ಟಿಪಟ್ಟಿಯಾಗಿ ಸೀಳುತ್ತದೆ. ಯಾವ ಪಟ್ಟಿಯಲ್ಲಿ ಜೋರು ಎಷ್ಟು, ಅದು ಹೇಗೆ ಏರಿತು, ಹೇಗೆ ಇಳಿಯಿತು ಅನ್ನುವುದನ್ನಷ್ಟೇ ಒಳಗೆ ಕಳಿಸುತ್ತದೆ. ಅಲೆಯೊಳಗಿನ ಸೂಕ್ಷ್ಮ ನಡಿಗೆಯನ್ನು ಬಹುಪಾಲು ಕೈಬಿಡುತ್ತದೆ. ರಂಗೋಲಿಯ ಚುಕ್ಕಿ ಮಾತ್ರ ಇಟ್ಟು ಎಳೆ ಎಳೆಯದೆ ಬಿಟ್ಟ ಹಾಗೆ.

ಮಾತಿಗೆ ಚುಕ್ಕಿಯೇ ಸಾಕು. 1995ರಲ್ಲಿ ಸಂಶೋಧಕ ರಾಬರ್ಟ್ ಶಾನನ್ ಮತ್ತು ಜೊತೆಯವರು ಮಾತನ್ನು ಬರೀ ನಾಲ್ಕು ಪಟ್ಟಿಗಳಿಗೆ ಇಳಿಸಿ, ಚೆನ್ನಾಗಿ ಕಿವಿ ಕೇಳುವವರಿಗೇ ಕೇಳಿಸಿದರು. ಸದ್ದಿಲ್ಲದ ಜಾಗದಲ್ಲಿ ಅವರಿಗೆ ಮಾತು ಅರ್ಥವಾಯಿತು. ನಮ್ಮ ಕನ್ನಡವೂ ಇಂಪ್ಲಾಂಟಿಗೆ ಒಂದು ಮಟ್ಟಿಗೆ ಒಳ್ಳೆಯ ಭಾಷೆ ಅಂತ ನನಗನ್ನಿಸುತ್ತದೆ. ಕತೆಗೂ ಕತ್ತೆಗೂ, ಹಳೆಗೂ ಹಾಳೆಗೂ ಇರುವ ವ್ಯತ್ಯಾಸ ಎಷ್ಟು ಹೊತ್ತು ಎಳೆಯುತ್ತೀರಿ, ಎಷ್ಟು ಹೊತ್ತು ತಡೆಯುತ್ತೀರಿ ಅನ್ನುವುದರದ್ದು. ಹೊತ್ತಿನ ಲೆಕ್ಕದಲ್ಲಿ ಯಂತ್ರ ಗಟ್ಟಿ. "ಬಂದ್ಯಾ?" ಅನ್ನುವುದರ ಕೊನೆಯಲ್ಲೇ ಪ್ರಶ್ನೆ ಕೂತಿರುತ್ತದೆ, ದನಿ ಏರಿತೋ ಇಳಿಯಿತೋ ಅಂತ ನೋಡಬೇಕಾಗಿಲ್ಲ. ಕಷ್ಟ ಆಗುವುದು ಹಲ್ಲಿ–ಹಳ್ಳಿ, ಮಲೆ–ಮಳೆ ಇಂಥವಕ್ಕೆ. "ಹಳ್ಳಿಗೆ ಹೋಗಿದ್ದೆ" ಅಂದರೆ ಸಂದರ್ಭ ಕಾಪಾಡುತ್ತದೆ. "ಅಲ್ಲಿ ನೋಡು, ಹಲ್ಲಿ" ಅಂದರೆ ನಾನು ಕಿಟಕಿಯಾಚೆ ನೋಡುತ್ತೇನೆ. ಇನ್ನು ಕಲ್ಯಾಣ ಮಂಟಪದ ಗಲಾಟೆಯಲ್ಲಿ, ಗೋಡೆಯಿಂದ ಗೋಡೆಗೆ ಸದ್ದು ಬಡಿಯುವಾಗ, ತುಟಿ ನೋಡದೆ ಗತಿ ಇಲ್ಲ.

ಈಗ ಸಂಗೀತಕ್ಕೆ ಬರೋಣ.

ತಾಳ ಸಲೀಸು. ಕಛೇರಿಯಲ್ಲಿ ಮೃದಂಗ ಒಂದೇ ನುಡಿಯುವ ತನಿ ಆವರ್ತನ ಕೇಳುವಾಗ ನಾನು ಪಕ್ಕದವರಿಗಿಂತ ಏನೂ ಕಡಿಮೆ ಇಲ್ಲ. ಮೃದಂಗದ ಸೊಲ್ಲುಗಳನ್ನು ಬಾಯಲ್ಲಿ ಹೇಳುವ ಕೊನ್ನಕೋಲ್ ಅಂತೂ ಹಬ್ಬ, ಅದು ಮಾತೂ ಹೌದು, ತಾಳವೂ ಹೌದು. ಕೈಕೊಡುವುದು ಸ್ವರ. ಅಕ್ಕನ ವೀಣೆ ಮೂರು ಮನೆ ಶ್ರುತಿಯದು. ಅಂದರೆ ಷಡ್ಜ (ಸ) ಸುಮಾರು 165 ಹರ್ಟ್ಸ್, ಸೆಕೆಂಡಿಗೆ ಅಷ್ಟು ಕಂಪನ. ಪಕ್ಕದ ಶುದ್ಧ ರಿಷಭ (ರಿ) 175. ಮಧ್ಯೆ ಇರುವುದು ಹತ್ತೇ ಹರ್ಟ್ಸ್. ನನ್ನ ಪ್ರೊಸೆಸರಿನ ಕೆಳಗಿನ ಪಟ್ಟಿಗಳು ತಲಾ 125 ಹರ್ಟ್ಸ್ ಅಗಲ, ಮೊದಲನೆಯದು ಶುರುವಾಗುವುದೇ 188ರಿಂದ! ಸ ಮತ್ತು ರಿ ಎರಡೂ ಹೊಸಲಿನ ಆಚೆಯೇ ನಿಂತಿರುತ್ತವೆ. ಅವುಗಳ ಜೊತೆಗೇ ಹುಟ್ಟುವ ಎತ್ತರದ ಉಪಸ್ವರಗಳಿಂದ ಏನಾದರೂ ಸುಳಿವು ಸಿಕ್ಕರೆ ಸಿಕ್ಕಿತು. ಇದರ ಮೇಲೆ ಗಮಕ ಬೇರೆ. ವೀಣೆಯ ಒಂದು ಮೆಟ್ಟಿನಿಂದ ಪಕ್ಕದ ಮೆಟ್ಟಿಗೆ ಇರುವ ಅಂತರವನ್ನು ಒಂದು ಮೆಟ್ಟು ಅಂತಿಟ್ಟುಕೊಳ್ಳಿ; ಒಂದು ಸ್ವರವನ್ನು ಅರ್ಧ ಮೆಟ್ಟಿನಷ್ಟು ಅಲುಗಾಡಿಸುವುದರಲ್ಲೇ ರಾಗದ ಜೀವ ಇರುವ ಸಂಗೀತ ನಮ್ಮದು. ಎಲೆಕ್ಟ್ರೋಡಿಗೆ ಅದು ಕಾಣಿಸುವುದು ಸಣ್ಣ ನಡುಕವಾಗಿ.

ಎಡಗಿವಿಯ ಹಿಯರಿಂಗ್ ಏಡ್ ಉಳಿಸಿಕೊಂಡಿದ್ದು ಇದಕ್ಕೇ. ಯಂತ್ರದ ಹೊಸಲಿನ ಆಚೆ ನಿಂತ ಸದ್ದು ಆ ಕಿವಿಗೆ ಅಷ್ಟಿಷ್ಟು ಬೀಳುತ್ತದೆ. ಎರಡೂ ಹಾಕಿಕೊಂಡಾಗ ವೀಣೆ ವೀಣೆಯ ಹತ್ತಿರಕ್ಕೆ ಬರುತ್ತದೆ. ಬಲಗಿವಿ ಒಂದರಲ್ಲೇ ಆದರೆ ತಗಡು ಬಡಿದಂಥ ಸದ್ದು. ನಿಮಗೂ ಇನ್ನೊಂದು ಕಿವಿಯಲ್ಲಿ ಸ್ವಲ್ಪ ಉಳಿದಿದ್ದರೆ ದಯವಿಟ್ಟು ಅದನ್ನು ಮೂಲೆಗೆ ಹಾಕಬೇಡಿ.

ಮೊದಲು ಹೋಗುತ್ತಿದ್ದ ಕಡೆ ಮ್ಯಾಪಿಂಗ್ ಮಾಡುವವರು, ಅಂದರೆ ಯಂತ್ರವನ್ನು ನಮ್ಮ ಕಿವಿಗೆ ಹೊಂದಿಸಿ ಕೊಡುವವರು, "ಮಾತು ಚೆನ್ನಾಗಿ ಬಂದಿದೆಯಲ್ಲ ಮೇಡಂ, ಸಂಗೀತಕ್ಕೆ ಜಾಸ್ತಿ ಆಸೆ ಇಟ್ಕೋಬೇಡಿ" ಅಂತ ಪ್ರತಿ ಸಲವೂ ಹೇಳಿ ಕಳಿಸುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಆಸೆ ಎಷ್ಟಿಟ್ಟುಕೊಳ್ಳಬೇಕು ಅನ್ನುವುದು ನನ್ನ ವಿಷಯ. ಯಂತ್ರದಲ್ಲಿ ಏನು ಬದಲಾಯಿಸಬಹುದು ಅನ್ನುವುದು ಅವರ ವಿಷಯ. ಬೇರೆ ಕಡೆ ಹೋದಾಗ ಅಲ್ಲಿದ್ದ ಚಿಕ್ಕ ವಯಸ್ಸಿನ ಆಡಿಯಾಲಜಿಸ್ಟ್ ಮೊದಲು ಕೇಳಿದ್ದೇ "ಏನು ಕೇಳ್ತೀರಾ ಆಂಟಿ, ಯಾವ ಸಂಗೀತ?" ಅಂತ.

"ವೀಣೆ. ಶ್ರುತಿಪೆಟ್ಟಿಗೆ ಹಾಕ್ಕೊಂಡು."

ಆ ಹುಡುಗಿ ಕಂಪ್ಯೂಟರ್ ನೋಡಿ ನಗಲು ಶುರು ಮಾಡಿದಳು. "ಒಂದೇ ಸಮ ಇರೋ ಸದ್ದನ್ನ ಕಡಿಮೆ ಮಾಡು ಅಂತ ಇದರಲ್ಲಿ ಸೆಟಿಂಗ್ ಇದೆ. ನಿಮ್ಮ ಶ್ರುತೀನ ಇದು ಫ್ಯಾನ್ ಸದ್ದು ಅಂದ್ಕೊಂಡು ಅದುಮ್ತಾ ಇದೆ!"

ಮಾತಿಗೆ ಆ ಸೆಟಿಂಗ್ ವರವೇ. ಫ್ಯಾನು, ಮಿಕ್ಸಿ, ಬಸ್ಸಿನ ಎಂಜಿನ್ ಎಲ್ಲವನ್ನೂ ತಗ್ಗಿಸುತ್ತದೆ. ಸಂಗೀತಕ್ಕೆ ಅದೇ ಶಾಪ. ಅವಳು ಎರಡನೇ ಪ್ರೋಗ್ರಾಂ ಒಂದನ್ನು ಮಾಡಿಕೊಟ್ಟಳು. ಅದರಲ್ಲಿ ಗದ್ದಲ ತಗ್ಗಿಸುವುದು ಬಂದ್. ಮೈಕು ಎದುರಿಗಿರುವವರ ಕಡೆಗಷ್ಟೇ ಅಲ್ಲ, ಸುತ್ತಲೂ ಕೇಳುತ್ತದೆ. ಜೋರನ್ನೂ ಮೆಲ್ಲನೆಯದನ್ನೂ ಒಂದೇ ಮಟ್ಟಕ್ಕೆ ತಂದು ಹಿಚುಕುವುದನ್ನೂ ಸ್ವಲ್ಪ ಸಡಿಲ ಮಾಡಿದಳು. ಆವತ್ತೇ ಗಂಧರ್ವಗಾನ ಕೇಳಿತು ಅಂತ ಹೇಳಲಾರೆ. ಆದರೆ ಮೀಟಿದ ಮೇಲೆ ತಂತಿಯ ಸದ್ದು ಕರಗುವುದು ಗೊತ್ತಾಯಿತು. ಮೊದಲು ಟಕ್ ಅಂತ ನಿಂತುಹೋಗುತ್ತಿತ್ತು. ಮ್ಯಾಪಿಂಗಿಗೆ ಹೋಗುವವರು ಸಂಗೀತಕ್ಕೆ ಬೇರೆ ಪ್ರೋಗ್ರಾಂ ಬೇಕು ಅಂತ ಬಾಯಿಬಿಟ್ಟು ಕೇಳಿ. ಕೇಳದಿದ್ದರೆ ಎಷ್ಟೋ ಕಡೆ ಕೊಡುವುದಿಲ್ಲ.

ಇನ್ನು ಅಭ್ಯಾಸ. ಲಾಸ್ ಏಂಜಲೀಸ್‌ನಲ್ಲಿ ಜಾನ್ ಗ್ಯಾಲ್ವಿನ್, ಚಿಯನ್–ಜೀ ಫು ಅನ್ನುವವರು 2007ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಐದೈದು ಸ್ವರದ ಸಣ್ಣ ತುಣುಕು ಕೇಳಿಸುವುದು. ಅದು ಏರಿತೋ, ಇಳಿಯಿತೋ, ಏರಿ ಇಳಿಯಿತೋ, ಹಾಗೇ ನಿಂತಿತೋ ಅಂತ ಇಂಪ್ಲಾಂಟ್ ಹಾಕಿಸಿಕೊಂಡವರು ಹೇಳಬೇಕು. ಸ್ವರಗಳ ನಡುವಿನ ಅಂತರ ಒಂದು ಮೆಟ್ಟಿನಿಂದ ಐದು ಮೆಟ್ಟಿನವರೆಗೆ. ತರಬೇತಿ ಪಡೆದವರು ಸುಧಾರಿಸಿದರು. ಇದನ್ನು ಓದಿ ಅಕ್ಕ ಅಂದಳು, "ಇದು ನಮ್ಮ ಸರಳೆ ವರಸೆ ಅಲ್ವೇನೇ?" ಸಂಗೀತ ಕಲಿಯುವವರಿಗೆ ಮೊಟ್ಟಮೊದಲು ಹೇಳಿಕೊಡುವ ಸರಿಗಮ ಪಾಠ ಅದು.

ಹೌದು, ಆದರೆ ಒಂದು ತೊಡಕಿದೆ. ಸರಳೆ ಕಲಿಸುವುದು ಮಾಯಾಮಾಳವಗೌಳ ರಾಗದಲ್ಲಿ. ಅದರಲ್ಲಿ ಸ–ರಿ ಒಂದು ಮೆಟ್ಟು, ರಿ–ಗ ಮೂರು ಮೆಟ್ಟು, ಗ–ಮ ಮತ್ತೆ ಒಂದೇ. ಸ–ರಿ ನುಡಿಸಿದರೆ ನನಗೆ ಒಂದೇ ಸ್ವರ ಎರಡು ಸಲ ಬಂದಂತೆ. ರಿ–ಗ ಬಂದಾಗ ಯಾರೋ ಮೆಟ್ಟಿಲು ಹಾರಿದಂತೆ. ಮತ್ತೆ ಗ–ಮ ನಿಂತಲ್ಲೇ. ಏರುವ ದಾರಿ ಅಂತ ಅನ್ನಿಸುವುದೇ ಇಲ್ಲ. ಅದಕ್ಕೇ ಮೋಹನ ರಾಗಕ್ಕೆ ಬಂದೆವು. ಸರಿಗಪದಸ. ಒಂದೇ ಮೆಟ್ಟಿನ ಅಂತರ ಎಲ್ಲೂ ಇಲ್ಲ, ಎಲ್ಲವೂ ಎರಡು ಇಲ್ಲವೇ ಮೂರು. ಪುಟ್ಟ ಮಕ್ಕಳಿಗೆ ಮಾಯಾಮಾಳವಗೌಳ ಸರಿಯೇ ಇರಬಹುದು, ನನ್ನ ಯಂತ್ರಕ್ಕೆ ಅಲ್ಲ.

ಅಕ್ಕ ನನಗೆ ಬೆನ್ನು ಹಾಕಿ ಕೂತು, ಗಮಕ ಬಿಟ್ಟು ಬೋಳುಬೋಳಾಗಿ ಮೀಟುತ್ತಾಳೆ. ಮೊದಲು ಸ–ಪ, ಏಳು ಮೆಟ್ಟಿನ ದೂರ. ಆಮೇಲೆ ಸ–ಗ. ಆಮೇಲೆ ಸ–ರಿ. ನಾನು ಕೈಯೆತ್ತಿ ಮೇಲೆ, ಕೆಳಗೆ ಅಂತ ತೋರಿಸುತ್ತೇನೆ. ತಪ್ಪಿದರೆ ತಿರುಗಿ ಕೂತು ಬೆರಳು ಯಾವ ಮೆಟ್ಟಿನ ಮೇಲಿದೆ ಅಂತ ತೋರಿಸಿ, ಅದನ್ನೇ ಇನ್ನೊಮ್ಮೆ ಮೀಟುತ್ತಾಳೆ. ಕಣ್ಣು ಹೇಳಿಕೊಟ್ಟಿದ್ದನ್ನು ಕಿವಿ ಆಮೇಲೆ ಹಿಡಿಯುತ್ತದೆ. ಮೊದಮೊದಲು ಎಡಗಿವಿ ಸೇರಿಸಿಕೊಂಡು, ಈಚೆಗೆ ಬಲಗಿವಿ ಒಂದರಲ್ಲೇ. ಹತ್ತು ನಿಮಿಷಕ್ಕೇ ತಲೆ ಭಾರ ಆಗುತ್ತದೆ. ಅಲ್ಲಿಗೆ ಕಾಫಿ.

ರೆಕಾರ್ಡಿಂಗ್ ಕೇಳುವುದಾದರೆ ಸ್ಪೀಕರ್ ಬೇಡ, ಫೋನಿನಿಂದ ನೇರ ಪ್ರೊಸೆಸರಿಗೇ. ಬೆಲ್ಜಿಯಂನ ಲೂವೆನ್‌ನಲ್ಲಿ ಇಂಪ್ಲಾಂಟ್ ಇರುವವರ ಕೈಗೇ ದನಿ, ವಾದ್ಯಗಳ ಜೋರನ್ನು ಬೇರೆಬೇರೆಯಾಗಿ ಹೊಂದಿಸುವ ಮಿಕ್ಸರ್ ಕೊಟ್ಟು ನೋಡಿದ್ದಾರೆ. ಕೇಳುವವರು ಹಾಡುಗಾರರ ದನಿಯನ್ನು ಜೋರು ಮಾಡಿಕೊಂಡು ಮಿಕ್ಕ ವಾದ್ಯಗಳನ್ನು ತಗ್ಗಿಸಿಕೊಂಡರಂತೆ. ನನ್ನ ಮಗ ಹಾಡಿನಿಂದ ದನಿಯನ್ನೂ ವಾದ್ಯಗಳನ್ನೂ ಬಿಡಿಸುವ ಆ್ಯಪಿನಲ್ಲಿ ಹೀಗೇ ಮಾಡಿಕೊಡುತ್ತಾನೆ. ದನಿ, ಮೃದಂಗ, ಅಷ್ಟೇ. ಪಿಟೀಲು ಜೊತೆಗೆ ಬಂದರೆ ದನಿಯ ಮೇಲೇ ಹತ್ತಿ ಕೂರುತ್ತದೆ. ಭಜನೆ ಮಂಡಳಿಯ ಹಾಡು, ಹಾರ್ಮೋನಿಯಂ, ಎಲ್ಲರೂ ಸೇರಿ ಎತ್ತುವ ದನಿ ಈಗಲೂ ನನಗೆ ಸಂತೆಯೇ. ಅಲ್ಲಿ ಸುಮ್ನೆ ತಾಳ ಹಾಕುತ್ತೇನೆ.

ಮೋಹನ ಈಗ ಸುಮಾರಾಗಿ ಹಿಡಿತಕ್ಕೆ ಬಂದಿದೆ. ಪ–ದ ಒಂದು ಆಗಾಗ ಜಾರುತ್ತದೆ. ಮುಂದೆ ಹಂಸಧ್ವನಿ ರಾಗ ಅನ್ನುತ್ತಿದ್ದಾಳೆ ಅಕ್ಕ. ಅದರಲ್ಲಿ ನಿ–ಸ ಒಂದೇ ಮೆಟ್ಟು. ಅವಳಿಗೆ ಧೈರ್ಯ ಇದೆ, ನನಗೇ ಅನುಮಾನ.