ನಾಳೆ ಮೆಕ್ಯಾನಿಕ್ ಬರುತ್ತಾರೆ

ವಾಷಿಂಗ್ ಮಷಿನ್ ಬಟ್ಟೆ ಒಗೆದು, ನೀರನ್ನು ಮಾತ್ರ ಹೊಟ್ಟೆಯಲ್ಲೇ ಇಟ್ಟುಕೊಂಡು ಕೂತಿದೆ. ಪ್ಲಗ್ ತೆಗೆದು, ನಲ್ಲಿ ನಿಲ್ಲಿಸಿ, ಕೆಳಗಿನ ಪುಟ್ಟ ಮುಚ್ಚಳದ ಹಿಂದಿರುವ ಫಿಲ್ಟರ್ ತಿರುಗಿಸಿದೆ. ತಟ್ಟೆ ಇಟ್ಟಿದ್ದೆ, ಸಾಲಲಿಲ್ಲ. ನೆಲವೆಲ್ಲ ನೊರೆ ನೀರು. ಜೊತೆಗೆ ಒಂದು ಹೇರ್‌ಪಿನ್, ಎರಡು ಗುಂಡಿ, ಕೂದಲಿನ ಉಂಡೆ. ಒರೆಸಿ ಮತ್ತೆ ಹಾಕಿ ನೋಡಿದರೆ ಪಂಪ್ ಸುಮ್ನೆ ಗುಂಯ್ ಅನ್ನುತ್ತದೆ, ಅಷ್ಟೆ.

ಫೋನಿನಲ್ಲಿ ಮೆಕ್ಯಾನಿಕ್‌ಗೆ ಮಾಡೆಲ್ ನಂಬರ್, ಮಷಿನ್ ತೋರಿಸುತ್ತಿದ್ದ ಎರರ್ ಕೋಡ್ ಹೇಳಿದೆ. ಬರೀ ನೋಡಿ ಹೋದರೆ ಎಷ್ಟು, ಹೊಸ ಪಾರ್ಟ್‌ಗೆ ವಾರಂಟಿ ಎಷ್ಟು ದಿನ, ಹಳೇದು ತೋರಿಸುತ್ತೀರಾ ಅಂತಲೂ ಕೇಳಿದೆ. ಮುಂಚೆ ಇದನ್ನೆಲ್ಲ ಕೇಳೋಕೆ ಸಂಕೋಚ. ಕೇಳಿದರೆ ಅವರಿಗೇನೂ ಬೇಜಾರಾಗಲಿಲ್ಲ.

ಈಗ ಮಷಿನ್ ಹಿಂದಿನ ಧೂಳು ಗುಡಿಸುತ್ತಿದ್ದೇನೆ. ರಿಪೇರಿಗೆ ಬರುವವರ ಮುಂದೆ ಅಷ್ಟೊಂದು ಮರ್ಯಾದೆ ಯಾಕೋ! ಕಳೆದುಹೋಗಿದ್ದ ಒಂಟಿ ಸಾಕ್ಸ್ ಸಿಕ್ಕಿತು. ಅದರ ಜೋಡಿಯನ್ನು ಹೋದ ತಿಂಗಳಷ್ಟೇ ಬಿಸಾಡಿದ್ದೆ.