ಡೌನ್‌ಲೋಡ್ಸ್ ಫೋಲ್ಡರ್ ತಾನಾಗಿ ವಿಂಗಡಣೆ ಆಗಲು ಬರೆದ ಸ್ಕ್ರಿಪ್ಟ್: ಇಲ್ಲಿವರೆಗಿನ ಕೆಲಸ

ಡೌನ್‌ಲೋಡ್ಸ್ ಫೋಲ್ಡರ್‌ಗೆ ಬಂದು ಬೀಳುವ ಫೈಲ್‌ಗಳನ್ನು ಅವುಗಳ ಜಾಗಕ್ಕೆ ಕಳಿಸುವ ಪೈಥಾನ್ ಸ್ಕ್ರಿಪ್ಟ್ ಈಗ ದಿನಬಳಕೆಗೆ ಬಂದಿದೆ. ವಿಂಗಡಿಸುವ ಭಾಗ ಸುಲಭ. ಎಕ್ಸ್‌ಟೆನ್ಷನ್ (ಫೈಲ್ ಹೆಸರಿನಲ್ಲಿ ಕೊನೆಯ ಚುಕ್ಕಿ ಆದ ಮೇಲಿನ ಭಾಗ) ನೋಡಿ, ಯಾವುದಕ್ಕೆ ಯಾವ ಫೋಲ್ಡರ್ ಅಂತ ಕೋಡ್‌ನಲ್ಲಿ ಬರೆದಿಟ್ಟ ಪಟ್ಟಿ, ಅಂದರೆ ಡಿಕ್ಷನರಿಯಲ್ಲಿ ಫೋಲ್ಡರ್ ಹುಡುಕಿ, ಫೈಲ್ ಸರಿಸಿದರೆ ಮುಗಿಯಿತು. ಜಾಸ್ತಿ ಸಮಯ ಹಿಡಿದದ್ದು ಎರಡೇ ವಿಷಯ: ಫೈಲ್ ಪೂರ್ತಿ ಬಂದಿದೆಯಾ ಅಂತ ತಿಳಿಯುವುದು, ಸರಿಸುವಾಗ ಬೇರೆ ಫೈಲ್ ಅಳಿಯದಂತೆ ನೋಡಿಕೊಳ್ಳುವುದು.

ಫೋಲ್ಡರನ್ನು ಆಗಾಗ ಹೋಗಿ ನೋಡುವ ಬದಲು ಅದರಲ್ಲಾಗುವ ಬದಲಾವಣೆ ತಿಳಿಸುವ ವಾಚ್‌ಡಾಗ್ ಅನ್ನುವ ಪೈಥಾನ್ ಲೈಬ್ರರಿ ಬಳಸಿದ್ದೇನೆ. ಲಿನಕ್ಸ್‌ನಲ್ಲಿ ಅದು ಐನೋಟಿಫೈ ಮೂಲಕ ಕೆಲಸ ಮಾಡುತ್ತದೆ. 2005ರಿಂದ ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲೇ ಇರುವ ಸೌಲಭ್ಯ ಇದು. ಹೊಸ ಫೈಲ್ ಬಂದ ಕೂಡಲೇ ಆಪರೇಟಿಂಗ್ ಸಿಸ್ಟಮ್ಮೇ ಸುದ್ದಿ ಕೊಡುತ್ತದೆ.

ಆದರೆ 'ಹೊಸ ಫೈಲ್ ಬಂತು' ಅನ್ನುವ ಸುದ್ದಿ ಫೈಲ್ ಹುಟ್ಟಿದಾಗ ಬರುತ್ತದೆ, ಮುಗಿದಾಗ ಅಲ್ಲ. ಡೌನ್‌ಲೋಡ್ ನಡೆಯುವಾಗ ಕ್ರೋಮ್ ಹೆಸರಿನ ಕೊನೆಗೆ 'ಸಿಆರ್‌ಡೌನ್‌ಲೋಡ್' ಅಂತಲೂ ಫೈರ್‌ಫಾಕ್ಸ್ 'ಪಾರ್ಟ್' ಅಂತಲೂ ಸೇರಿಸಿರುತ್ತವೆ. ಮುಗಿದ ಮೇಲೆ ನಿಜವಾದ ಹೆಸರು ಇಡುತ್ತವೆ. ಹಾಗಾಗಿ ಸ್ಕ್ರಿಪ್ಟ್ ಈ ಎರಡು ಎಕ್ಸ್‌ಟೆನ್ಷನ್‌ಗಳನ್ನು ಮುಟ್ಟುವುದಿಲ್ಲ. ಹೆಸರು ಬದಲಾದ ಸುದ್ದಿ ಬಂದಾಗ ಹೊಸ ಹೆಸರನ್ನು ಹಿಡಿದುಕೊಳ್ಳುತ್ತದೆ. ಫೈರ್‌ಫಾಕ್ಸ್ ಇನ್ನೂ ಒಂದು ಕೆಲಸ ಮಾಡುತ್ತದೆ: ಆ ಹೆಸರು ಬೇರೆಯವರ ಪಾಲಾಗದಿರಲಿ ಅಂತ ಮೊದಲೇ ಅದೇ ಹೆಸರಿನ ಖಾಲಿ ಫೈಲ್ ಇಟ್ಟುಬಿಡುತ್ತದೆ. ಅದನ್ನು ಎತ್ತಿಕೊಂಡು ಹೋದರೆ ಗೊಂದಲ ಖಚಿತ. ಹಾಗಾಗಿ 0 ಬೈಟ್ ಇರುವ ಯಾವ ಫೈಲನ್ನೂ ಸರಿಸುವುದಿಲ್ಲ.

ಎಲ್ಲ ಪ್ರೋಗ್ರಾಂಗಳೂ ಬ್ರೌಸರ್‌ನಷ್ಟು ಅಚ್ಚುಕಟ್ಟಾಗಿ ಇರುವುದಿಲ್ಲ. ಕ್ಯಾಮೆರಾ ಕಾರ್ಡ್‌ನಿಂದ ಕಾಪಿ ಮಾಡಿದರೆ ಸಾಮಾನ್ಯವಾಗಿ ಮೊದಲಿಂದಲೇ ಪೂರ್ತಿ ಹೆಸರು ಇರುತ್ತದೆ, ಒಳಗಿನ ಡೇಟಾ ಮಾತ್ರ ನಿಧಾನವಾಗಿ ತುಂಬುತ್ತಿರುತ್ತದೆ. ಇದಕ್ಕೆ ಲಿನಕ್ಸ್‌ನಲ್ಲಿ ಒಳ್ಳೆಯ ಉಪಾಯವಿದೆ. ಬರೆಯಲು ತೆರೆದ ಫೈಲ್ ಮುಚ್ಚಿದಾಗ ಐನೋಟಿಫೈ ಬೇರೆಯೇ ಸೂಚನೆ ಕೊಡುತ್ತದೆ. ನಾನು ಅದನ್ನೇ ನಂಬಿದ್ದೇನೆ. ಜೊತೆಗೆ ಕೆಲವು ಸೆಕೆಂಡ್ ಬಿಟ್ಟು ಗಾತ್ರ ಬದಲಾಗಿಲ್ಲ ಅಂತ ಇನ್ನೊಮ್ಮೆ ನೋಡುತ್ತೇನೆ. ಬರೀ ಗಾತ್ರ ನೋಡಿದರೆ ಸಾಲದು, ನೆಟ್‌ವರ್ಕ್ ಮಧ್ಯೆ ನಿಂತರೂ ಗಾತ್ರ ಹಾಗೇ ಇರುತ್ತದೆ ಅಲ್ವಾ?

ಇನ್ನು ಒಂದೇ ಹೆಸರಿನ ಎರಡು ಫೈಲ್‌ಗಳ ವಿಷಯ. ಈ ಭಾಗಕ್ಕೆ ಯಾರೇ ಆದರೂ ಸಮಯ ಕೊಡಲೇಬೇಕು. ಹೋಗುವ ಜಾಗದಲ್ಲಿ ಅದೇ ಹೆಸರಿನ ಫೈಲ್ ಇದ್ದರೆ ಪೈಥಾನ್‌ನ ರಿನೇಮ್ ವಿಂಡೋಸ್‌ನಲ್ಲಿ ಎರರ್ ಕೊಟ್ಟು ನಿಲ್ಲುತ್ತದೆ. ಲಿನಕ್ಸ್‌ನಲ್ಲಿ ಹಳೇ ಫೈಲ್ ಮೇಲೆ ಸುಮ್ನೆ ಬರೆದುಬಿಡುತ್ತದೆ, ಒಂದು ಮಾತೂ ಹೇಳುವುದಿಲ್ಲ. ಅದಕ್ಕೇ ಸರಿಸುವ ಮೊದಲು ಅಲ್ಲಿ ಅದೇ ಹೆಸರು ಇದೆಯಾ ಅಂತ ನೋಡುತ್ತೇನೆ. ಇದ್ದರೆ ಎರಡರ ಎಸ್‌ಎಚ್‌ಎ-256 ಹ್ಯಾಶ್ (ಒಳಗಿನ ಡೇಟಾದಿಂದ ಲೆಕ್ಕ ಹಾಕಿದ, ಫೈಲಿನ ಬೆರಳಚ್ಚಿನಂಥ ಸಂಖ್ಯೆ) ಹೋಲಿಸುತ್ತೇನೆ. ಒಂದೇ ಆಗಿದ್ದರೆ ಹೊಸದು 'ನಕಲು' ಫೋಲ್ಡರ್‌ಗೆ ಹೋಗುತ್ತದೆ. ಬೇರೆಯಾಗಿದ್ದರೆ ಹೆಸರಿಗೆ ಸಂಖ್ಯೆ ಸೇರಿಸಿ ಇಡುತ್ತೇನೆ. ಸ್ಕ್ರಿಪ್ಟ್ ತಾನಾಗಿ ಯಾವ ಫೈಲನ್ನೂ ಡಿಲೀಟ್ ಮಾಡಬಾರದು. ಇದರಲ್ಲಿ ರಾಜಿ ಇಲ್ಲ.

ಎಕ್ಸ್‌ಟೆನ್ಷನ್ ವಿಷಯ ಬೇಗ ಮುಗಿಯಿತು. ದೊಡ್ಡಕ್ಷರ, ಸಣ್ಣಕ್ಷರ ಎರಡೂ ಬರುತ್ತವೆ, ಎಲ್ಲವನ್ನೂ ಸಣ್ಣಕ್ಷರಕ್ಕೆ ತಂದರೆ ಸಾಕು. ಎಕ್ಸ್‌ಟೆನ್ಷನ್ನೇ ಇಲ್ಲದಿದ್ದರೆ ಫೈಲಿನ ಮೊದಲ ಬೈಟ್‌ಗಳನ್ನು ಓದುತ್ತೇನೆ. ಪಿಎನ್‌ಜಿ ಚಿತ್ರದ ಮೊದಲ ಬೈಟ್ 137, ಅದರ ಹಿಂದೆಯೇ ಆ ಮೂರು ಅಕ್ಷರಗಳು. ಆದರೆ ವರ್ಡ್ ಡಾಕ್ಯುಮೆಂಟ್, ಎಕ್ಸೆಲ್ ಶೀಟ್, ಇ-ಪಬ್ ಪುಸ್ತಕ ಎಲ್ಲವೂ ಒಳಗೆ ಜಿಪ್ ಫೈಲ್‌ಗಳೇ. ಬೈಟ್ ನೋಡಿದರೆ ಎಲ್ಲವೂ ಜಿಪ್ ಅಂತಲೇ ಕಾಣುತ್ತವೆ. ಹಾಗಾಗಿ ಮೊದಲ ನಂಬಿಕೆ ಎಕ್ಸ್‌ಟೆನ್ಷನ್ ಮೇಲೆಯೇ.

ಸ್ಕ್ರಿಪ್ಟ್ ಈಗ ಸಿಸ್ಟಮ್‌ಡಿ (ಲಿನಕ್ಸ್‌ನಲ್ಲಿ ಹಿನ್ನೆಲೆ ಕೆಲಸಗಳನ್ನು ಶುರು ಮಾಡಿ ನೋಡಿಕೊಳ್ಳುವ ವ್ಯವಸ್ಥೆ) ಯೂಸರ್ ಸರ್ವಿಸ್ ಆಗಿ ಲಾಗಿನ್ ಆದ ಕೂಡಲೇ ಶುರುವಾಗುತ್ತದೆ. ಅದು ನಿಂತಿದ್ದಾಗ ಬಂದ ಫೈಲ್‌ಗಳ ಸುದ್ದಿ ಆಮೇಲೆ ಸಿಗುವುದಿಲ್ಲ. ಅದಕ್ಕೆ ಶುರುವಿನಲ್ಲೇ ಇಡೀ ಫೋಲ್ಡರನ್ನು ಒಮ್ಮೆ ಗುಡಿಸುತ್ತದೆ. ಪ್ರತಿ ಫೈಲ್ ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ಸಿಎಸ್‌ವಿ ಫೈಲಿನಲ್ಲಿ (ಅಲ್ಪವಿರಾಮ ಹಾಕಿ ಬರೆದ ಸಾಲುಗಳ ಸಾದಾ ಪಟ್ಟಿ) ಬರೆಯುತ್ತದೆ. ಆ ಸಾಲುಗಳನ್ನು ಕೊನೆಯಿಂದ ಓದಿ ಎಲ್ಲವನ್ನೂ ಮೊದಲಿದ್ದ ಜಾಗಕ್ಕೆ ತರುವ ಆಯ್ಕೆಯೂ ಇದೆ. ನನಗೆ ಅತ್ಯಂತ ಖುಷಿ ಕೊಟ್ಟ ಭಾಗ ಅದೇ.

ಮುಂದಿನದು ಫೋಟೋಗಳು. ತೆಗೆದ ದಿನವನ್ನು ಎಕ್ಸಿಫ್‌ನಿಂದ (ಕ್ಯಾಮೆರಾ ಫೋಟೋ ಫೈಲಿನೊಳಗೆ ಬರೆದಿಡುವ ಮಾಹಿತಿ) ಓದಿ ವರ್ಷ, ತಿಂಗಳ ಫೋಲ್ಡರ್‌ಗೆ ಹಾಕಬೇಕು. ಸ್ಕ್ರೀನ್‌ಶಾಟ್‌ಗಳಲ್ಲಿ ಆ ಮಾಹಿತಿ ಹೆಚ್ಚಾಗಿ ಇರುವುದಿಲ್ಲ. ಅವಕ್ಕೆ ಹೆಸರಿನಲ್ಲಿರುವ ತಾರೀಖನ್ನೇ ಓದುವ ಕೋಡ್ ಅರ್ಧ ಆಗಿದೆ.