ಗೋದಲಿಯ ಪಕ್ಕದ ಮರದ ಕುದುರೆ

ಡಿಸೆಂಬರ್ ಎರಡನೆಯ ವಾರ ಬಂತೆಂದರೆ ಮಂಗಳೂರಿನ ನಮ್ಮ ಮನೆಯಲ್ಲಿ ತೆಂಗಿನ ಚಿಪ್ಪುಗಳಿಗೆ ಮಣ್ಣು ತುಂಬಿ ಭತ್ತವನ್ನೂ ರಾಗಿಯನ್ನೂ ಬಿತ್ತುವ ಕೆಲಸ ಆರಂಭವಾಗುತ್ತದೆ. ಬಿತ್ತುವುದು, ದಿನವೂ ನೀರು ಚಿಮುಕಿಸುವುದು ಮಕ್ಕಳ ಪಾಲಿನ ಹೊಣೆ. ಕ್ರಿಸ್ಮಸ್ಸಿನ ಹೊತ್ತಿಗೆ ಎಳೆಯ ಪೈರು ಗೇಣುದ್ದ ಬೆಳೆದು ನಿಂತಿದ್ದರೆ ಗೋದಲಿಯ ಮುಂದೆ ಹಸಿರು ಬಯಲು ಸಿದ್ಧವಾಗುತ್ತದೆ. ಗೋದಲಿ ಎಂದರೆ ಕನ್ನಡದಲ್ಲಿ ದನಗಳಿಗೆ ಮೇವು ಹಾಕುವ ತೊಟ್ಟಿ ಎಂದೇ ಅರ್ಥ. ಬಾಲಯೇಸುವನ್ನು ಮಲಗಿಸಿದ ಆ ತೊಟ್ಟಿಯ ಹೆಸರೇ ನಮ್ಮಲ್ಲಿ, ಯೇಸುವಿನ ಜನನವನ್ನು ಬೊಂಬೆಗಳಲ್ಲಿ ತೋರಿಸುವ ಇಡೀ ದೃಶ್ಯಕ್ಕೆ ಹೆಸರಾಗಿ ನಿಂತಿದೆ. ಅಸ್ಸಿಸಿಯ ಸಂತ ಫ್ರಾನ್ಸಿಸರು 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಹುಲ್ಲು, ಎತ್ತು, ಕತ್ತೆಗಳನ್ನಿರಿಸಿ ಈ ದೃಶ್ಯವನ್ನು ಜನರ ಕಣ್ಣ ಮುಂದೆ ತಂದದ್ದು ಈ ಸಂಪ್ರದಾಯ ಹರಡಲು ಕಾರಣವಾಯಿತು. ಎಂಟು ನೂರು ವರ್ಷಗಳ ಬಳಿಕ ಅದು ನಮ್ಮ ಜಗಲಿಯಲ್ಲಿ ರಾಗಿಯ ಪೈರಿನ ನಡುವೆ ನಿಂತಿರುವುದನ್ನು ನೋಡುವಾಗ ನನಗೆ ಪ್ರತಿ ವರ್ಷವೂ ಹೊಸದಾಗಿಯೇ ಸಂತೋಷವಾಗುತ್ತದೆ.

ಗೋದಲಿಯ ಬೊಂಬೆಗಳನ್ನು ನನ್ನ ಅಜ್ಜ ಕೊಂಡು ತಂದದ್ದು. ಅವು ಸುಣ್ಣದಂತಹ ಗಾರೆಯವು, ಬೇಗ ಮುಕ್ಕಾಗುವಂಥವು. ಒಂದು ಕುರಿಯ ಹಿಂಗಾಲು ಈಗ ಬೆಂಕಿಕಡ್ಡಿಯದು. ಕುರುಬನ ಬಲಗೈಯನ್ನು ಮೂರು ಸಲ ಅಂಟಿಸಲಾಗಿದೆ. ನವೆಂಬರ್ ಕೊನೆಯಲ್ಲಿ ಪಪ್ಪ ಮರದ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿ, ಒಂದೊಂದು ಬೊಂಬೆಯನ್ನೂ ಹಳೆಯ ಪತ್ರಿಕೆಯ ಸುತ್ತಿನಿಂದ ಬಿಡಿಸಿ, ಎಲ್ಲಿ ಬಣ್ಣ ಹೋಗಿದೆ, ಎಲ್ಲಿ ಬಿರುಕು ಬಿಟ್ಟಿದೆ ಎಂದು ನೋಡಿ ಸರಿಪಡಿಸುತ್ತಾರೆ. ಪೆಟ್ಟಿಗೆಯ ಮುಚ್ಚಳದ ಒಳಮೈಯಲ್ಲಿ ಅಜ್ಜ ಪೆನ್ಸಿಲಿನಲ್ಲಿ ಬರೆದ ಪಟ್ಟಿಯಿದೆ: ಕುರಿ ಏಳು, ಕುರುಬರು ಇಬ್ಬರು, ಎತ್ತು ಒಂದು, ಕತ್ತೆ ಒಂದು, ರಾಜರು ಮೂವರು. ಕಟ್ಟಿಡುವಾಗ ಅದನ್ನು ಓದಿ ಎಣಿಸುವುದು ಕ್ರಮ. ಬಾಲಯೇಸುವಿನ ಬೊಂಬೆ ಮಾತ್ರ 24ರ ರಾತ್ರಿಯವರೆಗೆ ಹೊರಗೆ ಬರುವುದಿಲ್ಲ. ರಾತ್ರಿಯ ಪೂಜೆ ಮುಗಿಸಿ ಬಂದ ಮೇಲೆ ಮನೆಯ ಅತ್ಯಂತ ಕಿರಿಯ ಮಗು ಅದನ್ನು ತೊಟ್ಟಿಯಲ್ಲಿ ಮಲಗಿಸುತ್ತದೆ.

ಇದರ ನಡುವೆ ಅಡುಗೆಮನೆಯಲ್ಲಿ ಕುಸ್ವಾರ್ ನಡೆದಿರುತ್ತದೆ. ಹಬ್ಬದ ತಿಂಡಿಗಳೆಲ್ಲ ಸೇರಿದ ಸಂಭ್ರಮಕ್ಕೆ ನಮ್ಮ ಕೊಂಕಣಿಯಲ್ಲಿ ಈ ಹೆಸರು. ಎಳ್ಳು, ಸಕ್ಕರೆ, ತೆಂಗಿನಕಾಯಿ ತುಂಬಿದ ನೆವ್ರಿ, ಕಾದ ಅಚ್ಚನ್ನು ತೆಳು ಹಿಟ್ಟಿನಲ್ಲಿ ಅದ್ದಿ ಬಿಸಿ ಎಣ್ಣೆಯಲ್ಲಿ ಬಿಡಿಸುವ ಕೊಕ್ಕಿಸಾಂ, ಅಕ್ಕಿಹಿಟ್ಟಿಗೆ ತೆಂಗಿನ ಹಾಲು ಬೆರೆಸಿ ಗೋಲಿಯಂತೆ ಉರುಟಿ ಕರಿಯುವ ಗುಳಿಯೊ, ಪುಟ್ಟ ಹಿಟ್ಟಿನುಂಡೆಯನ್ನು ಫೋರ್ಕಿನ ಬೆನ್ನಿಗೆ ಒತ್ತಿ ಸುರುಳಿಸುವ ಕಿಡಿಯೊ. ಕಿಡಿಯೊ ಎಂದರೆ ಹುಳ. ಅದರ ಗೆರೆಗೆರೆಯಾದ ಮೈಯಿಂದಾಗಿ ಬಂದ ಹೆಸರು. ನಾವು ವ್ಹಡ್ಲಿಮಾಂಯ್ ಎಂದು ಕರೆಯುತ್ತಿದ್ದ ನಮ್ಮ ಅಜ್ಜಿ ಹೊಸ ಬಾಚಣಿಗೆಯೊಂದನ್ನು ಈ ಕೆಲಸಕ್ಕೆಂದೇ ಬೇರೆಯಾಗಿ ಇಟ್ಟಿದ್ದರು. ಮೊಮ್ಮಕ್ಕಳೆಲ್ಲ ಚಾಪೆಯ ಮೇಲೆ ಸಾಲಾಗಿ ಕುಳಿತು ಕಿಡಿಯೊ ಸುತ್ತುವಾಗ ಹಿಟ್ಟು ಹಾವಾಗುತ್ತಿತ್ತು, ಮೀನಾಗುತ್ತಿತ್ತು, ದೋಣಿಯಾಗುತ್ತಿತ್ತು, ಕೊನೆಗೆ ಕಿಡಿಯೊ ಆಗಿ ಬಾಣಲೆಗೆ ಹೋಗುತ್ತಿತ್ತು. ಅಜ್ಜಿ ಯಾರನ್ನೂ ಗದರುತ್ತಿರಲಿಲ್ಲ. ಮಗುವಿನ ಕೈಗೆ ಯಾವ ಆಟಿಕೆ ಕೊಡಬೇಕು ಎಂದು ಯೋಚಿಸುವಾಗಲೆಲ್ಲ ನನಗೆ ಮೊದಲು ನೆನಪಾಗುವುದು ಆ ಹಿಟ್ಟಿನುಂಡೆಯೇ. ಅದು ತಾನಾಗಿ ಏನನ್ನೂ ಮಾಡುತ್ತಿರಲಿಲ್ಲ. ಆದ್ದರಿಂದಲೇ ನಾವು ಅದರಿಂದ ಎಲ್ಲವನ್ನೂ ಮಾಡಿದೆವು.

ನನ್ನ ಬಾಲ್ಯದಲ್ಲಿ ಕ್ರಿಸ್ಮಸ್ಸಿಗೆ ಹೊಸ ಬಟ್ಟೆ ಖಂಡಿತವಾಗಿ ಸಿಗುತ್ತಿತ್ತು, ಆಟಿಕೆ ಅಪರೂಪಕ್ಕೆ. ಒಂದು ವರ್ಷ ಬೆಂಗಳೂರಿನಲ್ಲಿದ್ದ ನನ್ನ ಮಾಮ ಮೈಸೂರಿನ ದಾರಿಯಾಗಿ ಊರಿಗೆ ಬರುವಾಗ ಚನ್ನಪಟ್ಟಣದಲ್ಲಿ ಇಳಿದು ಕೆಂಪು, ಹಳದಿ ಬಣ್ಣದ ಗಾಲಿ ಕುದುರೆಯೊಂದನ್ನು ತಂದಿದ್ದರು. ನಾನು, ನನ್ನ ತಮ್ಮ, ಮೂವರು ಸೋದರಸಂಬಂಧಿಗಳು ಅದನ್ನು ಎಳೆದಾಡಿದೆವು. ಕಿವಿ ಸ್ವಲ್ಪ ಸವೆದಿದೆ, ಬಣ್ಣ ಇಂದಿಗೂ ಹೊಳೆಯುತ್ತಿದೆ.

ಇದಕ್ಕೆ ವಿರುದ್ಧವಾದ ಅನುಭವವೂ ನನಗೆ ಆಗಿದೆ. ಮಗಳು ನಾಲ್ಕು ವರ್ಷದವಳಿದ್ದಾಗ ಬೆಂಗಳೂರಿನ ದೊಡ್ಡ ಅಂಗಡಿಯೊಂದರಿಂದ ದುಬಾರಿ ಬೆಲೆ ತೆತ್ತು, ದೀಪ ಮಿನುಗುವ, ಹಾಡು ಹಾಡುವ, ರಿಮೋಟಿನಲ್ಲಿ ಓಡುವ ಕಾರು ತಂದೆ. ಜನವರಿ ಮುಗಿಯುವ ಮೊದಲೇ ಅದು ನಿಂತುಹೋಯಿತು. ಅಂಗಡಿಯವರು ಬಿಡಿಭಾಗ ಸಿಗುವುದಿಲ್ಲ ಎಂದರು; ಮನೆಯಲ್ಲಿ ಬಿಚ್ಚಿ ನೋಡೋಣವೆಂದರೆ ಅಂಟಿಸಿದ ಕವಚ ಒಡೆಯದೆ ತೆರೆಯುವಂತಿರಲಿಲ್ಲ. ಮಗಳು ಅತ್ತದ್ದಕ್ಕಿಂತ ಹೆಚ್ಚಾಗಿ ನನ್ನನ್ನು ನೋಯಿಸಿದ್ದು ಎರಡು ದಿನಗಳಲ್ಲಿ ಅವಳು ಅದನ್ನು ಪೂರ್ತಿ ಮರೆತದ್ದು. ನಿಂತ ಮೇಲೆ ಆ ಕಾರಿನೊಡನೆ ಅವಳು ಆಡಬಹುದಾದದ್ದು ಏನೂ ಉಳಿದಿರಲಿಲ್ಲ.

ಮರು ವರ್ಷ ನಾವು ಮಕ್ಕಳನ್ನು ಕರೆದುಕೊಂಡು ಚನ್ನಪಟ್ಟಣಕ್ಕೆ ಹೋದೆವು. ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್ ಅಷ್ಟೇ. ಅಲ್ಲಿನ ಕಾರ್ಖಾನೆಯೊಂದರಲ್ಲಿ ಕಡಸಲು ಯಂತ್ರದ ಮುಂದೆ ಕುಳಿತಿದ್ದ ಹಿರಿಯರೊಬ್ಬರು ಮಕ್ಕಳಿಗೆ ತೋರಿಸಲೆಂದೇ ಒಂದು ಬುಗುರಿಯನ್ನು ಮೊದಲಿನಿಂದ ಕೊನೆಯವರೆಗೆ ಮಾಡಿದರು. ದಂತದಂತೆ ಬೆಳ್ಳಗಿರುವ ಆಲೆ ಮರದ ತುಂಡನ್ನು ಚೆನ್ನಾಗಿ ಒಣಗಿಸಿದ ಮೇಲಷ್ಟೇ ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ, ಹಸಿ ಮರವಾದರೆ ಮುಂದೆ ಬಿರಿಯುತ್ತದೆ. ತುಂಡು ಗರಗರನೆ ತಿರುಗುತ್ತಿರುವಾಗ ಉಳಿ ತಾಗಿಸಿ ಆಕಾರ ಬಿಡಿಸಿ, ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿದರು. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರದ ಮೈಗೆ ಹತ್ತಿಕೊಂಡಿತು. ಆಮೇಲೆ ಒಣಗಿದ ಗರಿಯ ತುಂಡೊಂದನ್ನು ಒತ್ತಿ ಹಿಡಿದು ಎಳೆದಾಗ ಮಂಕಾಗಿದ್ದ ಬಣ್ಣ ಕನ್ನಡಿಯಂತೆ ಮಿಂಚಿತು. ಕುಂಚವಿಲ್ಲ, ಬಣ್ಣದ ಡಬ್ಬಿಯಿಲ್ಲ. ಅರಗು ಮರಗಳ ಮೇಲೆ ಬಾಳುವ ಪುಟ್ಟ ಕೀಟಗಳು ಸ್ರವಿಸುವ ವಸ್ತು. ಅದಕ್ಕೆ ಬೆರೆಸುವ ಬಣ್ಣವೂ ಅರಿಶಿನ, ನೀಲಿಗಿಡದಂಥ ಸಸ್ಯಗಳದ್ದಾದರೆ ಬಾಯಿಗಿಡುವ ಕೂಸಿಗೂ ಹೆದರಿಕೆಯಿಲ್ಲದೆ ಕೊಡಬಹುದು. ಬಣ್ಣ ಯಾವುದರದ್ದು ಎಂದು ಮಾತ್ರ ಕೇಳಿಯೇ ಕೊಳ್ಳಬೇಕು, ಏಕೆಂದರೆ ಎಲ್ಲರೂ ಒಂದೇ ಬಗೆಯದನ್ನು ಬಳಸುವುದಿಲ್ಲ. ಟಿಪ್ಪು ಸುಲ್ತಾನನ ಕಾಲದ ನಂಟು ಹೇಳುವ ಈ ಕಸುಬಿಗೆ ಇಂದು ಭೌಗೋಳಿಕ ಗುರುತಿನ ಮಾನ್ಯತೆಯಿದೆ. ಆದರೆ ಆ ದಿನ ಮಕ್ಕಳು ಕಂಡದ್ದು ಇಷ್ಟೇ: ತಮ್ಮ ಆಟಿಕೆಯನ್ನು ಒಬ್ಬ ಮನುಷ್ಯ ಮಾಡುತ್ತಾನೆ. ಬುಗುರಿಯನ್ನು ಮಗಳು ದಾರಿಯುದ್ದಕ್ಕೂ ಕೈಯಿಂದ ಬಿಡಲಿಲ್ಲ.

ಅಂದಿನಿಂದ ಆಟಿಕೆ ಕೊಳ್ಳುವಾಗ ನಾನು ನೋಡುವ ವಿಷಯಗಳು ಕೆಲವೇ. ಮುರಿದರೆ ಮನೆಯಲ್ಲಿ ರಿಪೇರಿ ಮಾಡಬಹುದೇ ಎಂಬುದು ಮೊದಲನೆಯದು; ಗಾಲಿಯ ಗೂಟವೋ ತಿರುಪೋ ಕಣ್ಣಿಗೆ ಕಂಡರೆ ಭರವಸೆ ಹುಟ್ಟುತ್ತದೆ. ಐದು ವರ್ಷದ ಮಗುವೂ ಹತ್ತು ವರ್ಷದ ಮಗುವೂ ಅದರೊಡನೆ ಬೇರೆ ಬೇರೆ ಆಟ ಆಡಬಲ್ಲರೇ ಎಂಬುದು ಇನ್ನೊಂದು. ಬಾಳಿಕೆಯ ಆಟಿಕೆ ಮರದ್ದೇ ಆಗಬೇಕೆಂಬ ಹಟ ನನಗಿಲ್ಲ. ಲೆಗೊ ಇಟ್ಟಿಗೆಗಳು ಪ್ಲಾಸ್ಟಿಕ್ಕಿನವೇ. ಆದರೂ 1958ರಲ್ಲಿ ತಯಾರಾದ ಇಟ್ಟಿಗೆ ಇಂದು ಕೊಂಡ ಇಟ್ಟಿಗೆಗೆ ಸರಿಯಾಗಿ ಕೂರುತ್ತದೆ, ಅಜ್ಜನ ಡಬ್ಬಿಗೂ ಮೊಮ್ಮಗನ ಡಬ್ಬಿಗೂ ಜೊತೆಯಾಗುತ್ತದೆ. ನಮ್ಮ ದೇಶದಲ್ಲಿ 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ನೋಂದಾಯಿತ ಕರಕುಶಲಕರ್ಮಿಗಳಿಗೆ ಅದರಿಂದ ವಿನಾಯಿತಿ ಇದೆ. ಹಾಗಾಗಿ ಕಾರ್ಖಾನೆಯ ಆಟಿಕೆಯಲ್ಲಿ ಗುರುತನ್ನೂ ಕೈಕೆಲಸದ ಆಟಿಕೆಯಲ್ಲಿ ಮಾಡಿದವರನ್ನೂ ಹುಡುಕುತ್ತೇನೆ. ಒಂದು ವಿಷಯದಲ್ಲಂತೂ ರಾಜಿಯಿಲ್ಲ: ಗುಂಡಿಯಾಕಾರದ ಬ್ಯಾಟರಿಯ ಮುಚ್ಚಳಕ್ಕೆ ತಿರುಪು ಇಲ್ಲದ ಯಾವ ಆಟಿಕೆಯೂ ನಮ್ಮ ಮನೆಯೊಳಗೆ ಬರುವುದಿಲ್ಲ. ಅಂಥ ಬ್ಯಾಟರಿಯನ್ನು ಮಗು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ತೀವ್ರವಾಗಿ ಸುಡಬಲ್ಲದು.

ಅರಗಿನ ಆಟಿಕೆಗಳನ್ನು ನೀರಿನಲ್ಲಿ ತೊಳೆಯಬಾರದು, ಬಿಸಿಲಿನಲ್ಲಿ ಬಿಡಬಾರದು. ಒಣಬಟ್ಟೆಯಲ್ಲಿ ಒರೆಸಿದರೆ ಸಾಕು.

ಈಗ ನಮ್ಮಲ್ಲಿ ಹೊಸ ವಾಡಿಕೆಯೊಂದು ಸೇರಿಕೊಂಡಿದೆ. ಕ್ರಿಸ್ಮಸ್ಸಿಗೆ ಮುಂಚಿನ ಸುಮಾರು ನಾಲ್ಕು ವಾರಗಳ ಆಗಮನ ಕಾಲದ ಮೊದಲ ಭಾನುವಾರ ಪಪ್ಪ ಬೊಂಬೆಗಳನ್ನು ಸರಿಪಡಿಸಲು ಕುಳಿತಾಗ ಮಕ್ಕಳು ತಮ್ಮ ಆಟಿಕೆಗಳನ್ನೂ ಅದೇ ಚಾಪೆಗೆ ತರುತ್ತಾರೆ. ರಿಪೇರಿಯಾಗಬೇಕಾದವು ಒಂದು ಕಡೆ, ತಾವು ಬೆಳೆದು ದಾಟಿದವು ಇನ್ನೊಂದು ಕಡೆ. ಎರಡನೆಯ ಗುಂಪಿನವು ಸರಿಯಾಗಿ ಓಡುವಂತಾದ ಮೇಲೆಯೇ ಬೇರೆ ಮಗುವಿನ ಮನೆಗೆ ಹೋಗುತ್ತವೆ; ಕೆಟ್ಟದ್ದನ್ನು ದಾನವೆಂದು ಕೊಡುವುದನ್ನು ಪಪ್ಪ ಒಪ್ಪುವುದಿಲ್ಲ, ನಾನೂ ಒಪ್ಪುವುದಿಲ್ಲ. ಬಳಿಕ ಕ್ರಿಸ್ಮಸ್ಸಿನಂದು ಒಬ್ಬೊಬ್ಬರಿಗೆ ಒಂದೊಂದೇ ಹೊಸ ಆಟಿಕೆ. ಹಬ್ಬದ ದಿನ ನೆರೆಮನೆಗಳಿಗೆ ಕುಸ್ವಾರ್ ತಟ್ಟೆ ಹಂಚುವ ಕೆಲಸವೂ ಮಕ್ಕಳದೇ ಆದ್ದರಿಂದ ಹೊಸ ಆಟಿಕೆ ಮಧ್ಯಾಹ್ನದವರೆಗೆ ಗೋದಲಿಯ ಪಕ್ಕದಲ್ಲೇ ಕಾಯುತ್ತದೆ.

ಕಳೆದ ಸಲ ಆ ಚಾಪೆಗೆ ನನ್ನ ಹಳೆಯ ಕುದುರೆಯೂ ಬಂತು. ಮುಂದಿನ ಗಾಲಿಯ ಗೂಟ ಮುರಿದಿತ್ತು. ಪಪ್ಪ ಪೇರಳೆಯ ಕೊಂಬೆಯಿಂದ ಹೊಸ ಗೂಟ ಕೆತ್ತಿ ನನ್ನ ಮಗನ ಕೈಯಲ್ಲೇ ತೂರಿಸಿದರು. ಗೋದಲಿ ಸಿದ್ಧವಾದ ಕೂಡಲೇ ಮೂರು ವರ್ಷದ ಅವನು ಕುದುರೆಯನ್ನು ಅಲ್ಲಿಗೆ ಒಯ್ದು ಪೈರಿನ ನಡುವೆ ಎತ್ತಿನ ಪಕ್ಕದಲ್ಲಿ ನಿಲ್ಲಿಸಿದ. ಅದು ಎತ್ತಿಗಿಂತ ಎತ್ತರವಾಗಿತ್ತು, ಗಾಲಿಗಳು ಬೇರೆ. ಯಾರೂ ತೆಗೆಯಲಿಲ್ಲ. ಬಾಲಯೇಸುವನ್ನು ಕಾಣಲು ದೂರದಿಂದ ಬರುವ ಮೂವರು ರಾಜರ ಬೊಂಬೆಗಳನ್ನು ದಿನಕ್ಕಿಷ್ಟು ಮುಂದೆ ಸರಿಸುತ್ತಾ ಬಂದ ಮಗಳು, ಅವರು ನಡೆದು ದಣಿದಿದ್ದಾರೆಂದು ಒಬ್ಬರನ್ನು ಅದರ ಬೆನ್ನಿಗೆ ಒರಗಿಸಿದಳು.

ಜನವರಿ 6ರಂದು, ಮೂವರು ರಾಜರ ಹಬ್ಬ ಮುಗಿದ ಸಂಜೆ, ಗೋದಲಿ ಬಿಚ್ಚುವಾಗ ಮಕ್ಕಳಿಬ್ಬರೂ ಕುದುರೆಯನ್ನು ನಾವಿರುವ ಬೆಂಗಳೂರಿಗೆ ಒಯ್ಯುವುದು ಬೇಡ, ಕುರಿಗಳ ಜೊತೆಯಲ್ಲೇ ಇರಲಿ ಎಂದರು. ಪಪ್ಪ ಅದನ್ನು ಎರಡು ಸುತ್ತು ಪತ್ರಿಕೆಯಲ್ಲಿ ಸುತ್ತಿ ಪೆಟ್ಟಿಗೆಯ ಮೂಲೆಯಲ್ಲಿ ಮಲಗಿಸಿ, ಎಂದಿನಂತೆ ಮುಚ್ಚಳದ ಪಟ್ಟಿಯನ್ನು ಗಟ್ಟಿಯಾಗಿ ಓದಿ ಎಣಿಸಿದರು. ಆಮೇಲೆ ಕಿವಿಯ ಹಿಂದಿನಿಂದ ಪೆನ್ಸಿಲ್ ತೆಗೆದು ಅಜ್ಜನ ಅಕ್ಷರಗಳ ಕೆಳಗೆ ಬರೆದರು: ಕುದುರೆ ಒಂದು.